ಅವ್ವನ ದವಡೆ ಹಲ್ಲಿಗೆ ಇಂಪ್ಲಾಂಟ್ ಹಾಕಿಸಬೇಕೋ, ಬ್ರಿಡ್ಜ್ ಸಾಕೋ?

ಜಮಖಂಡಿಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 58 ವರ್ಷ. ಕೆಳದವಡೆಯಲ್ಲಿ ಮೂರು ಹಲ್ಲುಗಳಿಲ್ಲ. ಎಡಗಡೆ ಒಂದು ದವಡೆ ಹಲ್ಲು ಹೋಗಿದೆ, ಅದರ ಹಿಂದೆಯೂ ಮುಂದೆಯೂ ಹಲ್ಲುಗಳಿವೆ. ಹಿಂದಿನ ಹಲ್ಲಿಗೆ ಹಳೆಯದೊಂದು ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿದೆ. ಬಲಗಡೆ ಕೊನೆಯ ಎರಡು ದವಡೆ ಹಲ್ಲುಗಳು ಕೀಳಿಸಿ ಎಷ್ಟೋ ವರ್ಷಗಳಾದವು. ಈಗ ಅವಳು ಎಲ್ಲವನ್ನೂ ಮುಂದಿನ ಹಲ್ಲಿನಲ್ಲೇ ಅಗಿಯುತ್ತಾಳೆ. ಖಡಕ್ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನುವ ಹೊತ್ತಿಗೆ ಉಳಿದವರ ಊಟ ಮುಗಿದಿರುತ್ತದೆ.

ಒಬ್ಬ ಡಾಕ್ಟರು ಮೂರೂ ಜಾಗಕ್ಕೆ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಸ್ಕ್ರೂ ಕೂರಿಸಿ ಅದರ ಮೇಲೆ ನಿಲ್ಲಿಸುವ ಹಲ್ಲು, ಹಾಕಿಸಿ ಎಂದರು. ಲೆಕ್ಕ ಒಂದು ಲಕ್ಷ ದಾಟಿತು. ಇನ್ನೊಬ್ಬರು ತೆಗೆದು ಹಾಕುವ ಹಲ್ಲು ಮಾಡಿಸಿ, ವಯಸ್ಸಾಯಿತಲ್ಲ ಎಂದರು. ಅವ್ವನಿಗೆ ಸಕ್ಕರೆ ಕಾಯಿಲೆಯಿದೆ. ಯಾರ ಮಾತು ಕೇಳಬೇಕು? ಇದಕ್ಕೆ ಬೆಳಗಾವಿಗೇ ಹೋಗಬೇಕೋ, ಇಲ್ಲೇ ಆಗುತ್ತದೆಯೋ?

ಗುಮ್ಮಟದ ನೆರಳು, ವಿಜಯಪುರ

ತಂಗಿ, ಒಂದು ಲಕ್ಷಕ್ಕೆ ಒಳ್ಳೆಯ ಎಮ್ಮೆ ಬರುತ್ತದೆ. ಹಾಲಾದರೂ ಕೊಡುತ್ತದೆ. ನಮ್ಮ ಸೋದರತ್ತೆಗೆ ಒಂದೂ ಹಲ್ಲಿಲ್ಲ, ವಸಡಿನಲ್ಲೇ ಶೇಂಗಾ ಅಗಿಯುತ್ತಾಳೆ. ಈ ಸ್ಕ್ರೂ ವ್ಯವಹಾರವೆಲ್ಲ ದುಡ್ಡಿದ್ದವರ ಚಟ ಎಂಬುದು ನನ್ನ ಅಭಿಪ್ರಾಯ. ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಹಲ್ಲಿನ ಡಾಕ್ಟರು, ಬೆಳಗಾವಿ

ಎಮ್ಮೆಯ ಮಾತು ಆಮೇಲೆ ಆಡೋಣ. ಜಮಖಂಡಿಯ ಮಗಳೇ, ನೀವು ಕೇಳಿದ್ದು ಒಂದು ಪ್ರಶ್ನೆಯಲ್ಲ, ಎರಡು. ಎಡಗಡೆಯ ಉತ್ತರ ಬೇರೆ, ಬಲಗಡೆಯ ಉತ್ತರ ಬೇರೆ. ಬಾಯಿ ನೋಡದೆ ಹೇಳುತ್ತಿದ್ದೇನೆ, ಆದ್ದರಿಂದ ಇದನ್ನು ನಿಮ್ಮ ಡಾಕ್ಟರ ಮುಂದೆ ಕೇಳಬೇಕಾದ ಪ್ರಶ್ನೆಗಳೆಂದು ತಿಳಿಯಿರಿ.

ಎಡಗಡೆ ನೋಡಿ. ಬ್ರಿಡ್ಜ್ ಎಂದರೆ ಖಾಲಿ ಜಾಗದ ಎರಡೂ ಬದಿಯ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಮೂರು ಕ್ಯಾಪ್‌ಗಳನ್ನು ಒಂದಕ್ಕೊಂದು ಕೂಡಿಸಿ ಕೂರಿಸುವುದು. ಅದರ ಮೇಲಿರುವ ದೊಡ್ಡ ದೂರು ಎಂದರೆ ಗಟ್ಟಿಯಾಗಿರುವ ಹಲ್ಲುಗಳನ್ನು ಸುಮ್ಮನೆ ಸವೆಸಬೇಕಾಗುತ್ತದೆ ಎಂಬುದು. ಆದರೆ ನಿಮ್ಮ ಅವ್ವನವರ ಹಿಂದಿನ ಹಲ್ಲು ಆಗಲೇ ಸವೆದು ಕ್ಯಾಪ್ ಹಾಕಿಸಿಕೊಂಡಿದೆ. ಹೊಸದಾಗಿ ಉಜ್ಜಬೇಕಾದದ್ದು ಮುಂದಿನ ಒಂದನ್ನು ಮಾತ್ರ. ಆ ರೂಟ್ ಕೆನಾಲ್ ಸರಿಯಾಗಿದ್ದು, ಎರಡರ ಬೇರೂ ಭದ್ರವಾಗಿದ್ದರೆ ಬ್ರಿಡ್ಜ್ ತೀರಾ ಸಮಂಜಸ. ಅಲ್ಲಿ ಇಂಪ್ಲಾಂಟ್ ಹಾಕಿದರೆ ತಪ್ಪೇನೂ ಅಲ್ಲ, ಹಾಕಲೇಬೇಕೆಂಬ ಒತ್ತಾಯವಿಲ್ಲ ಅಷ್ಟೇ.

ಬಲಗಡೆ ಹಾಗಲ್ಲ. ಕೊನೆಯ ಎರಡೂ ಹಲ್ಲುಗಳು ಇಲ್ಲದಿರುವಾಗ ಬ್ರಿಡ್ಜಿಗೆ ಹಿಂದಿನ ಆಸರೆಯೇ ಇಲ್ಲ. ಮುಂದಿನ ಸಣ್ಣ ಹಲ್ಲಿಗೆ ನೇತು ಹಾಕಿದರೆ ಅಗಿಯುವ ಭಾರಕ್ಕೆ ಆ ಹಲ್ಲೇ ಮುರಿಯಬಹುದು. ಅಲ್ಲಿ ಉಳಿಯುವುದು ಎರಡೇ ದಾರಿ: ತೆಗೆದು ಹಾಕುವ ಹಲ್ಲು ಅಥವಾ ಇಂಪ್ಲಾಂಟ್.

ಈಗ ಲೆಕ್ಕಕ್ಕೆ ಬರೋಣ. ಎರಡು ಹಲ್ಲುಗಳು ಇಲ್ಲ ಎಂದ ಮಾತ್ರಕ್ಕೆ ಎರಡು ಇಂಪ್ಲಾಂಟ್ ಬೇಕೇಬೇಕೆಂದಿಲ್ಲ. ಮೊದಲ ದವಡೆ ಹಲ್ಲಿನ ಜಾಗಕ್ಕೆ ಒಂದು ಬಂದರೆ ಬಹಳ ಜನರಿಗೆ ಅಗಿಯಲು ಅಷ್ಟು ಸಾಕಾಗುತ್ತದೆ. ಎರಡನೆಯದರ ಎದುರಿಗಿರುವ ಮೇಲಿನ ಹಲ್ಲು ತಡೆಯಿಲ್ಲದೆ ಕೆಳಗೆ ಜಾರಬಹುದು, ಅದನ್ನು ನೋಡಿ ತೀರ್ಮಾನಿಸಬೇಕು. ಅಂದರೆ ಮೂರು ಇಂಪ್ಲಾಂಟ್ ಎಂದಿದ್ದದ್ದು ಒಂದು ಬ್ರಿಡ್ಜ್ ಮತ್ತು ಒಂದು ಇಂಪ್ಲಾಂಟ್ ಆಗಿ ಇಳಿಯುವ ಸಾಧ್ಯತೆಯಿದೆ.

ಇನ್ನು ಮೂಳೆ. ಹಲ್ಲು ಕಿತ್ತ ಮೇಲೆ ಅಲ್ಲಿಯ ಮೂಳೆ ಕರಗುತ್ತಾ ಹೋಗುತ್ತದೆ, ಅದರಲ್ಲೂ ಮೊದಲ ವರ್ಷದಲ್ಲೇ ಹೆಚ್ಚು. ಕೆಳದವಡೆಯ ಒಳಗೆ ತುಟಿಗೂ ಗದ್ದಕ್ಕೂ ಹೋಗುವ ನರವೊಂದು ಕೊಳವೆಯಂತಹ ದಾರಿಯಲ್ಲಿ ಸಾಗುತ್ತದೆ. ಸ್ಕ್ರೂವಿನ ತುದಿಗೂ ಆ ದಾರಿಗೂ ನಡುವೆ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡುವುದು ರೂಢಿ. ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತಾಗುತ್ತದೆ, ಕೆಲವರಿಗೆ ಅದು ಹೋಗುವುದೇ ಇಲ್ಲ. ಆದ್ದರಿಂದ ಇಡೀ ದವಡೆಯ ಚಪ್ಪಟೆ ಎಕ್ಸ್‌ರೇ ಒಂದರ ಮೇಲೆ ನಿರ್ಧರಿಸಬೇಡಿ. ಮೂಳೆಯ ಎತ್ತರದ ಜೊತೆಗೆ ಅಗಲವನ್ನೂ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ.

ಸಕ್ಕರೆ ಎಷ್ಟಿದೆ? ಬೆಳಗಿನ ಖಾಲಿ ಹೊಟ್ಟೆಯ ಲೆಕ್ಕ ಬೇಡ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಹೇಳಿ.

ನಿವೃತ್ತ ಮಾಸ್ತರ, ಮುಧೋಳ

ನಾನು ಹಾಕಿಸಿಕೊಂಡವನು, ಆದ್ದರಿಂದ ಬಾಯಿ ತುಂಬ ಮಾತಾಡುವ ಹಕ್ಕಿದೆ. ಕೆಳಗಿನ ಬಲ ದವಡೆ, ಒಂದೇ ಹಲ್ಲು. ಸ್ಕ್ರೂ ಕೂರಿಸುವಾಗ ನೋವು ಬಹಳ ಎಂದು ಹೆದರಿಸಿದವರು ಯಾರೂ ಅದನ್ನು ಹಾಕಿಸಿಕೊಂಡವರಲ್ಲ. ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ತಿಳಿಯುವುದು ಕಂಪನ ಮಾತ್ರ. ಕೊನೆಗೆ ಒಂದು ಸಣ್ಣ ಹಿಡಿಕೆಯಿಂದ ತಿರುಗಿಸುತ್ತಾರೆ, ನಿಗದಿತ ಬಿಗಿತ ಬಂದೊಡನೆ ಅದು ಕಟಕ್ ಎಂದು ಮಣಿಯುತ್ತದೆ. ನನಗೆ ಅದಕ್ಕಿಂತ ಬೇಸರ ತಂದದ್ದು ಆಮೇಲಿನ ಕಾಯುವಿಕೆ. ಕ್ಯಾಪ್ ಬರಲು ತಿಂಗಳುಗಳೇ ಹಿಡಿದವು.

ಈಗ ಎಲ್ಲವನ್ನೂ ತಿನ್ನುತ್ತೇನೆ. ಅಮೀನಗಡದ ಕರದಂಟು ಸಹ. ಒಂದು ವಿಚಿತ್ರವಿದೆ: ರೊಟ್ಟಿಯಲ್ಲಿ ಹರಳು ಸಿಕ್ಕರೆ ಸ್ವಂತ ಹಲ್ಲು ಥಟ್ಟನೆ ಹೇಳುತ್ತದೆ, ಬಾಯಿ ತಾನೇ ತೆರೆದುಕೊಳ್ಳುತ್ತದೆ. ಇದು ಹೇಳುವುದಿಲ್ಲ. ಕರಕರ ಸದ್ದು ಕೇಳಿದ ಮೇಲೆಯೇ ಗೊತ್ತಾಗುವುದು. ಯಾಕೆ ಹೀಗೆ, ಡಾಕ್ಟರೇ?

ಹಲ್ಲಿನ ಡಾಕ್ಟರು, ಬೆಳಗಾವಿ

ಮಾಸ್ತರರೇ, ನಿಮ್ಮ ಗಮನ ಸರಿಯಾಗಿದೆ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳ್ಳನೆಯ ನಾರಿನ ಪದರವಿರುತ್ತದೆ. ಒತ್ತಡ ಎಷ್ಟೆಂದು ಅರಿಯುವ ನರತುದಿಗಳು ಅಲ್ಲಿಯೇ ಇರುವುದು, ಹಲ್ಲು ಕೂದಲೆಳೆಯಷ್ಟು ಮಣಿಯುವುದೂ ಅದರಿಂದಲೇ. ಇಂಪ್ಲಾಂಟಿಗೆ ಆ ಪದರವಿಲ್ಲ, ಟೈಟಾನಿಯಂ ಲೋಹದ ಸ್ಕ್ರೂ ನೇರವಾಗಿ ಮೂಳೆಗೆ ಅಂಟಿರುತ್ತದೆ. ಅದಕ್ಕೇ ಕ್ಯಾಪ್ ಕೂರಿಸುವಾಗ ಪಕ್ಕದ ಹಲ್ಲುಗಳಿಗಿಂತ ಒಂದು ಎಳೆ ಹಗುರವಾಗಿ ತಾಗುವಂತೆ ಹೊಂದಿಸುತ್ತೇವೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮೊದಲೇ ಹೇಳಬೇಕು.

ಜಮಖಂಡಿಯ ಮಗಳು

ಎಚ್‌ಬಿಎ1ಸಿ 9.2 ಬಂದಿದೆ. ಇನ್ನೊಂದು ವಿಷಯ. ಅವ್ವ ಬೆಳಿಗ್ಗೆ ಎದ್ದೊಡನೆ ಮಿಶ್ರಿ ತಿಕ್ಕುತ್ತಾಳೆ, ಮಧ್ಯಾಹ್ನ ಊಟದ ಮೇಲೂ ಒಮ್ಮೆ. ನೋಡಿದ ಇಬ್ಬರು ಡಾಕ್ಟರೂ ಅದನ್ನು ಕೇಳಲಿಲ್ಲ. ಹೊಗೆಸೊಪ್ಪು ಜಗಿಯುತ್ತೀರಾ ಎಂದರು, ಇವಳು ಇಲ್ಲ ಎಂದಳು. ಅವಳ ಪಾಲಿಗೆ ಮಿಶ್ರಿ ಎಂದರೆ ಹಲ್ಲುಪುಡಿ.

ಹಲ್ಲಿನ ಡಾಕ್ಟರು, ಬೆಳಗಾವಿ

ನಮ್ಮ ಭಾಗದ ಹೆಣ್ಣುಮಕ್ಕಳ ಬಾಯಿ ನೋಡುವಾಗ ಮಿಶ್ರಿ ಎಂದು ಹೆಸರು ಹಿಡಿದೇ ಕೇಳಬೇಕು. ಅದು ಸುಟ್ಟು ಪುಡಿ ಮಾಡಿದ ತಂಬಾಕು. ತಂಬಾಕು ವಸಡಿನ ರಕ್ತ ಸಂಚಾರವನ್ನು ಕುಗ್ಗಿಸುತ್ತದೆ, ಗಾಯ ಮಾಯುವುದು ತಡವಾಗುತ್ತದೆ, ಬಾಯಿಯ ಕ್ಯಾನ್ಸರಿನ ಭಯವಂತೂ ಇದ್ದೇ ಇದೆ. 9.2 ಮತ್ತು ಮಿಶ್ರಿ ಎರಡೂ ಇರುವಾಗ ಸ್ಕ್ರೂ ಹಾಕುವುದು ಬೇಡ. ಸಕ್ಕರೆ ಕಾಯಿಲೆ ಇದೆ ಎಂಬ ಕಾರಣಕ್ಕೇ ಇಂಪ್ಲಾಂಟ್ ಆಗದು ಎಂಬುದು ತಪ್ಪು ಕಲ್ಪನೆ. ಹತೋಟಿಯಲ್ಲಿದ್ದರೆ ಚೆನ್ನಾಗಿಯೇ ಕೂರುತ್ತದೆ. 7ರ ಆಸುಪಾಸಿಗೆ ತನ್ನಿ, ಮಿಶ್ರಿ ಬಿಡಿಸಿ, ವಸಡು ಸ್ವಚ್ಛ ಮಾಡಿಸಿ. ಇಷ್ಟು ವರ್ಷ ಖಾಲಿ ಇದ್ದ ಜಾಗ ಇನ್ನು ಕೆಲವು ತಿಂಗಳು ಕಾದರೆ ಏನೂ ಕೆಡುವುದಿಲ್ಲ.

ಗುಮ್ಮಟದ ನೆರಳು, ವಿಜಯಪುರ

ಹಾಗಾದರೆ ರಸ್ತೆಯುದ್ದಕ್ಕೂ ಫಲಕ ಕಟ್ಟುತ್ತಾರಲ್ಲ, ಮೂರು ದಿನದಲ್ಲಿ ಬಾಯಿ ತುಂಬ ಹಲ್ಲು ಎಂದು? ಅವರೆಲ್ಲ ಸುಳ್ಳು ಹೇಳುತ್ತಾರೋ, ಇಲ್ಲ ನೀವು ಸುಮ್ಮನೆ ಕಾಯಿಸುತ್ತೀರೋ?

ಓದಿನ ಹುಚ್ಚ, ಬಾಗಲಕೋಟೆ

ಈ ಕಾಯುವಿಕೆಯ ಹಿಂದೆ ಒಂದು ಕಥೆಯಿದೆ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಹಲ್ಲಿನ ಡಾಕ್ಟರಲ್ಲ, ಮೂಳೆಯೊಳಗಿನ ರಕ್ತ ಸಂಚಾರವನ್ನು ಅಭ್ಯಾಸ ಮಾಡುತ್ತಿದ್ದವರು. 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಪುಟ್ಟ ಉಪಕರಣವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ಹಿಡಿದುಕೊಂಡಿತ್ತು. ಆ ಹಿಡಿತವನ್ನೇ ನೆಚ್ಚಿಕೊಂಡು 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಮೊದಲ ಬಾರಿ ಸ್ಕ್ರೂಗಳನ್ನು ಕೂರಿಸಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಆದರೂ ವೈದ್ಯಲೋಕ ನಂಬಲು ತಡ ಮಾಡಿತು. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರವೇ ಹೊರದೇಶಗಳು ಇದನ್ನು ಗಂಭೀರವಾಗಿ ಪರಿಗಣಿಸಿದ್ದು.

ಬ್ರೋನೆಮಾರ್ಕರ ಮೊದಲಿನ ಕ್ರಮದಲ್ಲಿ ಸ್ಕ್ರೂವನ್ನು ವಸಡಿನೊಳಗೆ ಹೂತಿಟ್ಟು ಕೆಳದವಡೆಗೆ ಸುಮಾರು 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಭಾರ ಹಾಕದೆ ಬಿಡುತ್ತಿದ್ದರು. ಕಣದ ನಡುವೆ ಮೇಟಿ ನೆಟ್ಟು, ಸುತ್ತಲಿನ ಮಣ್ಣು ಗಟ್ಟಿಯಾಗುವ ಮೊದಲೇ ಎತ್ತು ಕಟ್ಟಿದರೆ ಏನಾಗುತ್ತದೆ ಎಂದು ನಮ್ಮ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಲ್ಲಿನ ಡಾಕ್ಟರು, ಬೆಳಗಾವಿ

ಚೆನ್ನಾಗಿ ಹೇಳಿದಿರಿ, ಒಂದು ತಿದ್ದುಪಡಿ ಸೇರಿಸುತ್ತೇನೆ. ಬೇಗ ಹಲ್ಲು ಕೊಡುವುದೆಲ್ಲ ಮೋಸವಲ್ಲ. ಮೂಳೆ ಗಟ್ಟಿಯಿದ್ದು, ಸ್ಕ್ರೂಗಳು ಮೊದಲ ದಿನವೇ ಬಿಗಿಯಾಗಿ ಕೂತು, ಹಲವನ್ನು ಒಂದಕ್ಕೊಂದು ಜೋಡಿಸಿದರೆ ಅಂದೇ ತಾತ್ಕಾಲಿಕ ಹಲ್ಲು ಕೊಡಬಹುದು. ಪೋರ್ಚುಗಲ್ಲಿನ ಪೌಲೊ ಮಾಲೊ ರೂಢಿಗೆ ತಂದ, ಇಡೀ ದವಡೆಯ ಹಲ್ಲುಗಳನ್ನು ನಾಲ್ಕೇ ಇಂಪ್ಲಾಂಟ್‌ಗಳ ಮೇಲೆ ನಿಲ್ಲಿಸುವ ಕ್ರಮ ಅಂಥದ್ದು. ಆದರೆ ಯಾರ ಬಾಯಿಗೆ ಅದು ಹೊಂದುತ್ತದೆ ಎಂಬುದು ಸ್ಕ್ಯಾನ್ ನೋಡಿ ಹೇಳಬೇಕಾದ ಮಾತು. ರಸ್ತೆಯ ಫಲಕಕ್ಕೆ ನಿಮ್ಮ ಮೂಳೆ ಕಾಣುವುದಿಲ್ಲ.

ಸಿಂದಗಿಯವ

ನನ್ನ ಅನುಭವವನ್ನೂ ಕೇಳಿ. ಮೇಲಿನ ಹಿಂದಿನ ಹಲ್ಲಿಗೆ ಹಾಕಿಸಿಕೊಂಡಿದ್ದೆ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಇಂಪ್ಲಾಂಟ್ ಹಾಕುವ ಡಾಕ್ಟರು ಬೇರೆ ಊರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಕೆಲಸ ಚೆನ್ನಾಗಿಯೇ ಆಯಿತು. ಎರಡು ವರ್ಷವಾದ ಮೇಲೆ ಕ್ಯಾಪ್ ಅಲುಗಾಡತೊಡಗಿತು. ಫೋನ್ ಮಾಡಿದರೆ ಆ ಡಾಕ್ಟರು ಈಗ ಬರುವುದಿಲ್ಲ ಎಂದರು. ಬೇರೆ ಡಾಕ್ಟರ ಬಳಿ ಹೋದರೆ ಅವರು ಕೇಳಿದ ಮೊದಲ ಪ್ರಶ್ನೆ, ಯಾವ ಕಂಪನಿಯ ಸ್ಕ್ರೂ? ನನ್ನ ಬಳಿ ಇದ್ದದ್ದು ಹಣ ಕಟ್ಟಿದ ಬಿಳಿ ಚೀಟಿ ಮಾತ್ರ. ಒಂದು ಕಂಪನಿಯ ತಿರುಗಿಸುವ ಕಡ್ಡಿ ಇನ್ನೊಂದಕ್ಕೆ ಕೂರುವುದಿಲ್ಲವಂತೆ. ಕೊನೆಗೆ ಎಕ್ಸ್‌ರೇಯಲ್ಲಿ ಸ್ಕ್ರೂವಿನ ಆಕಾರ, ಎಳೆಗಳ ಓರಣ ನೋಡಿ ಕಂಪನಿಯನ್ನು ಊಹಿಸಿ, ಕಡ್ಡಿ ತರಿಸಿ ಬಿಗಿ ಮಾಡಿದರು. ಅಷ್ಟರಲ್ಲಿ ಸುತ್ತಲಿನ ವಸಡಿನಲ್ಲಿ ಕೀವು ಸೇರಿ ಸ್ವಲ್ಪ ಮೂಳೆ ಕರಗಿತ್ತು. ಈಗ ಮೂರು ತಿಂಗಳಿಗೊಮ್ಮೆ ಸ್ವಚ್ಛ ಮಾಡಿಸುತ್ತಿದ್ದೇನೆ.

ಹಾಕುವಾಗ ಎಲ್ಲರೂ ಇರುತ್ತಾರೆ. ಐದನೆಯ ವರ್ಷ ಯಾರು ನೋಡುತ್ತಾರೆ ಎಂದು ಕೇಳಿ.

ಲ್ಯಾಬಿನವನು, ಬಾಗಲಕೋಟೆ

ಸಿಂದಗಿಯವರ ಮಾತಿಗೆ ನನ್ನದೂ ಒಂದು ಸಹಿ. ನಾವು ಕ್ಯಾಪ್ ಮಾಡಿಕೊಡುವವರು, ರೋಗಿಯ ಮುಖ ನೋಡುವವರಲ್ಲ. ಆದರೂ ಹೇಳುತ್ತೇನೆ. ಇಂಪ್ಲಾಂಟ್ ಡಬ್ಬಿಯ ಮೇಲೆ ಅಂಟಿನ ಚೀಟಿಯಿರುತ್ತದೆ: ಕಂಪನಿ, ಮಾದರಿ, ಅಗಲ, ಉದ್ದ, ಬ್ಯಾಚ್ ಸಂಖ್ಯೆ ಎಲ್ಲವೂ ಅದರಲ್ಲಿವೆ. ಒಂದು ಪ್ರತಿಯನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಿ ಎಂದು ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಸ್ವಿಸ್ ಸ್ಟ್ರಾಮನ್ ಆಗಲಿ, ಕೊರಿಯಾದ ಆಸ್ಟೆಮ್ ಆಗಲಿ, ಹತ್ತು ವರ್ಷದ ಮೇಲೂ ಬಿಡಿಭಾಗ ಸಿಗುವ ಕಂಪನಿ ಆಗಿರಬೇಕು.

ಕ್ಯಾಪ್ ಕೂರಿಸುವ ಕ್ರಮ ಎರಡು. ಒಂದರಲ್ಲಿ ಸಿಮೆಂಟಿನಿಂದ ಅಂಟಿಸುತ್ತಾರೆ. ಇನ್ನೊಂದರಲ್ಲಿ ಕ್ಯಾಪಿನ ನಡುವೆ ತೂತಿದ್ದು, ಅದರೊಳಗಿಂದ ಸ್ಕ್ರೂ ಬಿಗಿದು ಮೇಲೆ ಹಲ್ಲಿನ ಬಣ್ಣದ ವಸ್ತು ತುಂಬುತ್ತಾರೆ. ಎರಡನೆಯದನ್ನು ಬೇಕೆಂದಾಗ ಬಿಚ್ಚಬಹುದು. ಸಿಮೆಂಟಿನ ಚೂರು ವಸಡಿನ ಕೆಳಗೆ ಉಳಿದುಬಿಟ್ಟರೆ ಅದೇ ಕೀವಿಗೆ ಮೂಲವಾಗುತ್ತದೆ. ಎಲ್ಲ ಬಾಯಿಗೂ ಸ್ಕ್ರೂ ಕ್ಯಾಪ್ ಹೊಂದುವುದಿಲ್ಲ, ಹೊಂದಿದರೆ ನನ್ನ ಮತ ಅದಕ್ಕೇ.

ದರ ಕೇಳುವಾಗಲೂ ಬಿಡಿಸಿ ಕೇಳಿ. ಕೆಲವರು ಹೇಳುವುದು ಮೂಳೆಯೊಳಗಿನ ಸ್ಕ್ರೂವಿನ ದರ ಮಾತ್ರ. ಅದರ ಮೇಲಿನ ಕಂಬ, ಕ್ಯಾಪ್, ಸ್ಕ್ಯಾನ್, ಮೂಳೆ ಸಾಲದಿದ್ದರೆ ತುಂಬುವ ಮೂಳೆಪುಡಿ, ಇವೆಲ್ಲ ಆಮೇಲೆ ಒಂದೊಂದಾಗಿ ಬರುತ್ತವೆ.

ಇನ್ನೊಂದು, ಇದು ನಮ್ಮ ಸೀಮೆಯದೇ ವಿಷಯ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಚಿಕ್ಕಂದಿನಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣದ ಬಿಳಿ ಮಚ್ಚೆ ಇರುತ್ತವೆ. ಮುಂದಿನ ಹಲ್ಲಿಗೆ ಇಂಪ್ಲಾಂಟ್ ಆದಾಗ ಅಚ್ಚ ಬಿಳಿ ಕ್ಯಾಪ್ ಕೂರಿಸಿದರೆ ಆ ಒಂದು ಹಲ್ಲು ಸಾಲಿನಿಂದ ಎದ್ದು ಕಾಣುತ್ತದೆ. ಡಾಕ್ಟರು ಒಳ್ಳೆಯ ಬೆಳಕಿನಲ್ಲಿ ಫೋಟೋ ಕಳಿಸಿದರೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಗಟ್ಟಿ ವಸ್ತುವಿನ ಕ್ಯಾಪಿನ ಮೇಲೆ ಎಳೆಕುಂಚದಿಂದ ಅದೇ ಕಂದು ಗೆರೆಯನ್ನು ಎಳೆದು, ಕುಲುಮೆಯಲ್ಲಿ ಸುಟ್ಟು ಹೊಳಪು ಕೊಡುತ್ತೇವೆ. ದುಡ್ಡು ಕೊಟ್ಟು ಕಲೆ ಹಚ್ಚಿಸಿಕೊಳ್ಳಬೇಕೇ ಎಂದು ಜಗಳ ತೆಗೆದವರಿದ್ದಾರೆ. ಬಿಳಿಯದನ್ನು ಕೂರಿಸಿಕೊಂಡು ಕನ್ನಡಿ ನೋಡಿ ವಾಪಸ್ ಬಂದವರೂ ಅವರೇ.

ಅಥಣಿ ಅಕ್ಕ

ನಮ್ಮ ಮಾವನವರಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಪೂರ್ತಿ ಸೆಟ್ಟು ಮಾಡಿಸಿದ್ದೇವೆ. ಮೇಲಿನದು ಕಚ್ಚಿ ಕೂರುತ್ತದೆ, ಕೆಳಗಿನದು ಮಾತಾಡುವಾಗಲೇ ಎದ್ದು ಬರುತ್ತದೆ. ಮದುವೆ ಮನೆಯಲ್ಲಿ ಕೆಳಗಿನದನ್ನು ತೆಗೆದು ಜೇಬಿಗೆ ಹಾಕಿಕೊಂಡು ಬರಿ ಅನ್ನ ಸಾರು ಉಣ್ಣುತ್ತಾರೆ. ಅಷ್ಟೂ ಹಲ್ಲಿಗೆ ಇಂಪ್ಲಾಂಟ್ ಹಾಕಿಸುವ ಶಕ್ತಿ ನಮಗಿಲ್ಲ.

ಹಲ್ಲಿನ ಡಾಕ್ಟರು, ಬೆಳಗಾವಿ

ಅಕ್ಕಾ, ಅಷ್ಟೂ ಬೇಡ. ಕೆಳಗಿನ ಸೆಟ್ಟು ನಿಲ್ಲದಿರುವುದು ಸಹಜ, ನಾಲಿಗೆ ಅದನ್ನು ತಳ್ಳುತ್ತಲೇ ಇರುತ್ತದೆ, ಹಿಡಿದುಕೊಳ್ಳಲು ಜಾಗವೂ ಕಡಿಮೆ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿ, ಸೆಟ್ಟಿನ ಒಳಬದಿಗೆ ಒತ್ತುಗುಂಡಿ ಕೂರಿಸಿದರೆ ಟಪ್ ಎಂದು ಕೂತುಕೊಳ್ಳುತ್ತದೆ. ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕೆಂದು 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ದರು. ದವಡೆಯ ಮುಂಭಾಗದಲ್ಲಿ ಆ ನರದ ಕಾಟ ಕಡಿಮೆ, ಮೂಳೆಯೂ ಸಾಮಾನ್ಯವಾಗಿ ಉಳಿದಿರುತ್ತದೆ. ಈಗಿನ ಸೆಟ್ಟು ಚೆನ್ನಾಗಿದ್ದರೆ ಅದಕ್ಕೇ ಗುಂಡಿ ಹಾಕಬಹುದು. ಒಳಗಿನ ರಬ್ಬರು ಆಗಾಗ ಬದಲಿಸಬೇಕಾಗುತ್ತದೆ, ಅದಕ್ಕೆ ದೊಡ್ಡ ಖರ್ಚಿಲ್ಲ. ರಾತ್ರಿ ಸೆಟ್ಟು ತೆಗೆದು ತೊಳೆದು ನೀರಿನಲ್ಲಿಡುವುದು ಮಾತ್ರ ತಪ್ಪದು.

ಖರ್ಚಿನ ಚಿಂತೆಯಿರುವವರು ದಂತ ಕಾಲೇಜುಗಳಲ್ಲಿ ವಿಚಾರಿಸಿ. ಬೆಳಗಾವಿಯಲ್ಲಿ ಕೆಎಲ್‌ಇಯ ವಿ.ಕೆ. ದಂತ ವಿಜ್ಞಾನ ಸಂಸ್ಥೆ ಮತ್ತು ಮರಾಠಾ ಮಂಡಳದ ಕಾಲೇಜು, ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜು ಇವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಕೆಲಸ ಮಾಡುವ ಕಡೆ ದರ ಕಡಿಮೆ ಬೀಳುವುದುಂಟು, ಓಡಾಟ ಹೆಚ್ಚು. ಜಮಖಂಡಿಯವರಿಗೆ ಬಾಗಲಕೋಟೆಯಾಗಲಿ ವಿಜಯಪುರವಾಗಲಿ ಬೆಳಗಾವಿಗಿಂತ ಹತ್ತಿರ. ಮತ್ತೆ ಮತ್ತೆ ಹೋಗಬೇಕಾದ ಕೆಲಸವಿದು, ಹತ್ತಿರದ್ದನ್ನೇ ಆರಿಸಿ.

ಗುಮ್ಮಟದ ನೆರಳು, ವಿಜಯಪುರ

ಎರಡೇ ಸ್ಕ್ರೂ ಎಂದರೆ ಸೋದರತ್ತೆಯ ಕಿವಿಗೆ ಹಾಕಿ ನೋಡುತ್ತೇನೆ. ಅವಳಿಗೆ ಎಲುಬು ಸವೆತಕ್ಕೆ ವಾರಕ್ಕೊಂದು ಗುಳಿಗೆ ಕೊಟ್ಟಿದ್ದಾರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದಂತೆ. ತೊಂದರೆಯಿಲ್ಲ ತಾನೇ?

ಹಲ್ಲಿನ ಡಾಕ್ಟರು, ಬೆಳಗಾವಿ

ಕೇಳಿದ್ದು ಒಳ್ಳೆಯದಾಯಿತು. ನೀವು ಹೇಳುತ್ತಿರುವುದು ಅಲೆಂಡ್ರೊನೇಟ್ ಗುಂಪಿನ ಗುಳಿಗೆ ಇರಬಹುದು, ಚೀಟಿ ನೋಡಿ. ಅಂಥ ಔಷಧಿ ತೆಗೆದುಕೊಳ್ಳುವವರ ದವಡೆಯ ಮೂಳೆ ಶಸ್ತ್ರಚಿಕಿತ್ಸೆಯ ನಂತರ ಮಾಯದೆ ಕೊಳೆಯುವ ಅಪಾಯವಿದೆ. ಗುಳಿಗೆಯಲ್ಲಿ ಅಪರೂಪ, ಕ್ಯಾನ್ಸರಿಗೆಂದು ರಕ್ತನಾಳದ ಮೂಲಕ ಕೊಡುವ ಜೊಲೆಡ್ರಾನಿಕ್ ಆಮ್ಲದಲ್ಲಿ ಹೆಚ್ಚು. ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ ಎಂಬುದೂ ಮುಖ್ಯ. ಹಲ್ಲು ಕೀಳಿಸುವಾಗಲೂ ಇದನ್ನು ಹೇಳಲೇಬೇಕು. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಹಾಗೆಯೇ ಹೃದಯಕ್ಕೆಂದು ಆಸ್ಪಿರಿನ್ ನುಂಗುವವರೂ ಹಲ್ಲಿನ ಕೆಲಸಕ್ಕಾಗಿ ತಾವೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರನ್ನು ಕೇಳಬೇಕು.

ನಿವೃತ್ತ ಮಾಸ್ತರ, ಮುಧೋಳ

ಹಾಕಿಸಿಕೊಂಡವರು ಒಂದು ಮಾತು ತಿಳಿದಿರಲಿ: ಲೋಹದ ಹಲ್ಲಿಗೆ ಹುಳುಕು ಹತ್ತುವುದಿಲ್ಲ ಎಂದು ಬ್ರಷ್ ಮಾಡುವುದನ್ನು ಬಿಡುವಂತಿಲ್ಲ. ಹುಳುಕು ಹತ್ತದು, ಸುತ್ತಲಿನ ವಸಡು ಕೆಡುತ್ತದೆ. ನನಗೆ ಸಂದಿಗೆ ಹಾಕುವ ಪುಟ್ಟ ಬ್ರಷ್ ಕೊಟ್ಟಿದ್ದಾರೆ, ರಾತ್ರಿ ಮಲಗುವ ಮುಂಚೆ ಅದರ ಸೇವೆ ತಪ್ಪುವುದಿಲ್ಲ.

ಜಮಖಂಡಿಯ ಮಗಳು *(ಕೆಲವು ತಿಂಗಳ ನಂತರ)*

ಎಲ್ಲರಿಗೂ ವಿಷಯ ತಿಳಿಸಬೇಕಿತ್ತು. ಸಕ್ಕರೆ 7.3ಕ್ಕೆ ಇಳಿದಿದೆ. ಮಿಶ್ರಿ ಬಿಡಿಸುವುದು ಸಕ್ಕರೆಗಿಂತ ಕಷ್ಟವಾಯಿತು. ಡಬ್ಬಿ ಬಚ್ಚಿಟ್ಟರೆ ನೆರೆಮನೆಯಿಂದ ತರಿಸುತ್ತಿದ್ದಳು. ಕೊನೆಗೆ ಡಾಕ್ಟರೇ ಅವಳ ಬಾಯೊಳಗಿನ ಬಿಳಿ ಕಲೆಯನ್ನು ಕನ್ನಡಿ ಹಿಡಿದು ತೋರಿಸಿದ ಮೇಲೆ ಬಿಟ್ಟಳು. ಆ ಕಲೆಯನ್ನು ಪರೀಕ್ಷೆಗೆ ಕಳಿಸಿದ್ದರು, ಭಯಪಡುವಂಥದ್ದೇನಿಲ್ಲ ಎಂದು ಬಂದಿದೆ.

ಎಡಗಡೆ ಬ್ರಿಡ್ಜ್ ಕೂತಿದೆ. ಬಲಗಡೆ ಸ್ಕ್ಯಾನ್ ನೋಡಿ ಒಂದೇ ಇಂಪ್ಲಾಂಟ್ ಹಾಕಿದ್ದಾರೆ, ಎರಡನೆಯದು ಬೇಡವೆಂದರು. ಮೇಲಿನ ಹಲ್ಲು ಸ್ವಲ್ಪ ಇಳಿದಿತ್ತು, ಅದರ ತುದಿಯನ್ನು ತುಸು ಉಜ್ಜಿ ಜಾಗ ಮಾಡಿಕೊಂಡರು. ಅಂಟಿನ ಚೀಟಿಯನ್ನು ಕೇಳಿ ಪಡೆದೆ. ಕೇಳಿದ್ದಕ್ಕೆ ಡಾಕ್ಟರು ನಕ್ಕು, ಯಾರು ಹೇಳಿಕೊಟ್ಟರು ಎಂದರು.

ಈಗೊಂದು ಅನುಮಾನ. ಮೂಳೆ ಹಿಡಿದಿದೆ ಎಂದು ಹೋದ ವಾರ ವಸಡು ಬಿಡಿಸಿ ಲೋಹದ ಸಣ್ಣ ಮುಚ್ಚಳ ಹಾಕಿದ್ದಾರೆ. ನಿನ್ನೆಯಿಂದ ಅದು ನಾಲಿಗೆಗೆ ತಿರುಗಿದಂತೆ ಅನಿಸುತ್ತದೆ ಎನ್ನುತ್ತಿದ್ದಾಳೆ. ಇಂಪ್ಲಾಂಟೇ ಸಡಿಲವಾಯಿತೇ?

ಹಲ್ಲಿನ ಡಾಕ್ಟರು, ಬೆಳಗಾವಿ

ಬಹುತೇಕ ಮುಚ್ಚಳ ಮಾತ್ರ ಸಡಿಲವಾಗಿರುತ್ತದೆ, ಹಾಗಾಗುವುದು ಸಾಮಾನ್ಯ. ಬೆರಳಿನಿಂದಾಗಲಿ ನಾಲಿಗೆಯಿಂದಾಗಲಿ ತಿರುಗಿಸಬೇಡಿ, ಬಿಚ್ಚಿಬಂದರೆ ನುಂಗುವ ಭಯವಿದೆ. ಆ ಕಡೆ ಅಗಿಯುವುದು ಬೇಡ. ನಾಳೆಯೇ ಹೋಗಿ, ಬಿಗಿ ಮಾಡುವುದು ಎರಡು ನಿಮಿಷದ ಕೆಲಸ. ಮುಚ್ಚಳ ತೆಗೆದಾಗ ಒಳಗಿನ ಸ್ಕ್ರೂ ಅಲುಗದೆ ಇದೆಯೇ ಎಂದು ನೋಡಿ ಹೇಳಲು ಕೇಳಿ. ಮುಚ್ಚಳ ಹೊರಬಿದ್ದಿದ್ದರೆ ಚೀಟಿಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ, ತಡ ಮಾಡಿದರೆ ವಸಡು ಮುಚ್ಚಿಕೊಂಡು ಮತ್ತೆ ಬಿಡಿಸಬೇಕಾಗುತ್ತದೆ.

ಜಮಖಂಡಿಯ ಮಗಳು

ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇವೆ ಸರ್. ಅವ್ವ ಕೇಳಲು ಹೇಳುತ್ತಿದ್ದಾಳೆ: ಎಡಗಡೆಯ ಹೊಸ ಹಲ್ಲಿನಲ್ಲಿ ಕಬ್ಬು ಸಿಗಿಯಬಹುದೇ?

ಹಲ್ಲಿನ ಡಾಕ್ಟರು, ಬೆಳಗಾವಿ

ಕಬ್ಬನ್ನು ಹೋಳು ಮಾಡಿಕೊಟ್ಟರೆ ಅಗಿಯಲಿ. ಗಣಿಕೆ ಸಮೇತ ಸಿಗಿಯುವುದು ಬೇಡ, ಸಕ್ಕರೆಯ ಲೆಕ್ಕವೂ ನೆನಪಿರಲಿ.